ಅರ್ಧ ನನ್ನದು, ಅರ್ಧ ಅವಳದು

ವಿಮಾ ಕಚೇರಿಯಲ್ಲಿ ನನ್ನ ಕೆಲಸ, ಜನ ಏನನ್ನು ಮುಚ್ಚಿಟ್ಟಿದ್ದಾರೆ ಎಂದು ಹುಡುಕುವುದು. ಪಾಲಿಸಿ ಮಾಡಿಸಿದ ಸ್ವಲ್ಪ ಕಾಲದಲ್ಲೇ ಯಾರಾದರೂ ತೀರಿಕೊಂಡರೆ ಆ ಫೈಲು ನನ್ನ ಮೇಜಿಗೆ ಬರುತ್ತಿತ್ತು. ಸತ್ತವರು ಅರ್ಜಿ ತುಂಬುವಾಗ ಸಕ್ಕರೆ ಕಾಯಿಲೆ ಇದೆಯೆಂದು ಬರೆದಿದ್ದರೇ, ಎದೆನೋವಿಗೆ ಆಸ್ಪತ್ರೆ ಸೇರಿದ್ದನ್ನು ತಿಳಿಸಿದ್ದರೇ ಎಂದು ವಿಚಾರಿಸಿ, ತಿಳಿಸಿಲ್ಲವಾದರೆ ಅವರ ಹೆಂಡತಿಗೆ ‘ವಿಷಾದಪೂರ್ವಕವಾಗಿ’ ಎಂದು ಶುರುವಾಗುವ ಒಂದು ಕಾಗದ ಬರೆಯಬೇಕು. ‘ಗೊತ್ತಿದ್ದೂ ಮರೆಮಾಚಲಾಗಿದೆ’ ಎಂಬ ಸಾಲನ್ನು ನನ್ನಷ್ಟು ಗಾಂಭೀರ್ಯದಿಂದ ಬರೆಸುವವರು ಇಡೀ ಚೆನ್ನೈ ಕಚೇರಿಯಲ್ಲಿ ಇರಲಿಲ್ಲವೆಂದು ನನ್ನ ಮೇಲಧಿಕಾರಿಗಳು ಹೇಳುತ್ತಿದ್ದರು. ಹೊಸದಾಗಿ ಸೇರಿದವರಿಗೆ ನಾನು ಒಂದು ಪಾಠವನ್ನೂ ಮಾಡುತ್ತಿದ್ದೆ: ಪೂರ್ತಿ ಮುಚ್ಚಿಟ್ಟವನನ್ನು ಹಿಡಿಯುವುದು ಸುಲಭ, ಅರ್ಧ ಹೇಳಿದವನ ಮೇಲೆ ಕಣ್ಣಿಡಿ.

ನಮ್ಮ ಅರ್ಜಿಯಲ್ಲಿ ಹೆಂಗಸರಿಗೆ ಬೇರೆಯೇ ಒಂದು ಭಾಗವಿತ್ತು. ಮುಟ್ಟು ಸರಿಯಾಗಿದೆಯೇ, ಗರ್ಭ ನಿಂತಿದೆಯೇ, ಎಷ್ಟು ಹೆರಿಗೆ, ಎಷ್ಟು ಗರ್ಭ ಇಳಿದುಹೋಗಿದೆ. ಗಂಡಸರಿಗೆ ಅಂಥ ಭಾಗ ಇರಲಿಲ್ಲ. ವರ್ಷಗಟ್ಟಲೆ ಆ ಅರ್ಜಿಗಳನ್ನು ಓದಿದ ನನಗೆ ಇದರಲ್ಲೇನೂ ಕೊರತೆ ಕಂಡಿರಲಿಲ್ಲ. ಮನೆಯಲ್ಲೂ ಅದೇ ಅರ್ಜಿಯ ಪ್ರಕಾರ ನಡೆಯುತ್ತಿತ್ತು.

ಮನೆಯಿದ್ದದ್ದು ಪುರಸೈವಾಕ್ಕಂನ ಒಂದು ಗಲ್ಲಿಯಲ್ಲಿ. ಅಪ್ಪ ರೈಲ್ವೆಗೆಂದು ತುಮಕೂರು ಕಡೆಯಿಂದ ಬಂದು, ಇಲ್ಲೇ ನಿವೃತ್ತರಾಗಿ, ಇಲ್ಲೇ ತೀರಿಕೊಂಡಿದ್ದರು. ನಾನು, ಅಮ್ಮ, ನನ್ನ ಹೆಂಡತಿ, ಮೂವರೇ. ಅಮ್ಮನ ಕನ್ನಡದಲ್ಲಿ ಆಗಲೇ ತಮಿಳು ಬೆರೆತಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಮದುವೆಯಾಗಿ ಏಳು ವರ್ಷ. ಮಕ್ಕಳಿರಲಿಲ್ಲ.

ಇಲ್ಲಿ ನಮ್ಮ ವಂಶದ ಒಂದು ಹೆಮ್ಮೆಯನ್ನು ಹೇಳಬೇಕು. ನಮ್ಮವರು ಸಾಧ್ಯವಾದ ಮಟ್ಟಿಗೆ ಹೊರಗಿನಿಂದ ಹೆಣ್ಣು ತರುತ್ತಿರಲಿಲ್ಲ. ಅಮ್ಮ ಮದುವೆಯಾದದ್ದು ತನ್ನ ಸ್ವಂತ ಸೋದರಮಾವನನ್ನು; ಅಂದರೆ ನನ್ನ ಅಪ್ಪ, ನನ್ನ ಅಮ್ಮನ ತಾಯಿಯ ತಮ್ಮ. ಅದಕ್ಕೆ ಹಿಂದಿನ ತಲೆಮಾರಿನಲ್ಲೂ ಹಾಗೇ. ‘ನಮ್ಮ ರಕ್ತ ನಮ್ಮಲ್ಲೇ ಇರ್ಲಿ’ ಎಂದು ಅಮ್ಮ ಹೇಳುವಾಗ, ಅದೇನೋ ತಳದಲ್ಲಿ ಗಟ್ಟಿ ತುಪ್ಪ ನಿಂತ ಜಾಡಿ ಎಂಬಂತೆ ಹೇಳುತ್ತಿದ್ದಳು. ನನ್ನ ಕಾಲಕ್ಕೆ ಒಳಗೆ ಹೆಣ್ಣು ಸಿಗದೆ, ದಾವಣಗೆರೆಯ ಹೊರಗಿನ ಮನೆಯಿಂದ ತಂದದ್ದಾಯಿತು. ಮಕ್ಕಳಾಗದಿದ್ದಾಗ ಕಾರಣ ಹುಡುಕಲು ಯಾರೂ ದೂರ ಹೋಗಬೇಕಾಗಿರಲಿಲ್ಲ.

ಹೆಂಡತಿಯ ಮೇಲೆ ನಡೆದ ತನಿಖೆ ನಮ್ಮ ಕಚೇರಿಯನ್ನು ಮೀರಿಸುವಂಥದು. ರಕ್ತ, ಸ್ಕ್ಯಾನು, ಒಳಗೆ ಬಣ್ಣದ ನೀರು ಬಿಟ್ಟು ತೆಗೆಯುವ ಎಕ್ಸ್‌ರೇ, ಹೊಟ್ಟೆಗೆ ರಂಧ್ರ ಮಾಡಿ ಕೊಳವೆ ಇಳಿಸಿ ನೋಡುವುದು. ಜೊತೆಗೆ ನಲವತ್ತೆಂಟು ದಿನ ಅರಳಿಮರ ಸುತ್ತುವುದು, ಮಂಗಳವಾರದ ಉಪವಾಸ. ಎಲ್ಲದರಲ್ಲೂ ನಾನು ಜೊತೆಗಿದ್ದೆ. ಅಂದರೆ ಹೊರಗಿನ ಬೆಂಚಿನ ಮೇಲೆ ಪೇಪರು ಓದುತ್ತಿದ್ದೆ. ಆ ವರ್ಷಗಳಲ್ಲಿ ನನ್ನ ಸಾಮಾನ್ಯ ಜ್ಞಾನ ಬಹಳ ಬೆಳೆಯಿತು.

ಹೆಂಗಸರ ಡಾಕ್ಟರು ನನಗೂ ಒಂದು ಚೀಟಿ ಬರೆದುಕೊಟ್ಟಿದ್ದರು, ವೀರ್ಯ ಪರೀಕ್ಷೆಗೆ. ಒಂದಲ್ಲ, ಮೂರು ಸಲ. ಮೂರನ್ನೂ ಊಟದ ಚೀಲದ ಪಕ್ಕದ ಜೇಬಿನಲ್ಲಿಟ್ಟೆ. ಮೊದಲನೆಯದು ಮೊಸರನ್ನಕ್ಕೆ ಬಲಿಯಾಯಿತು. ಎರಡನೆಯದನ್ನು ನಾನೇ ಬಲಿಕೊಟ್ಟೆ. ಹೆಂಡತಿ ಕೇಳಿದರೆ ‘ಮುಂದಿನ ವಾರ’ ಎನ್ನುತ್ತಿದ್ದೆ. ಅವಳು ಮತ್ತೆ ಕೇಳುತ್ತಿರಲಿಲ್ಲ. ಅವಳು ಮತ್ತೆ ಕೇಳಲಿಲ್ಲ ಎಂಬುದನ್ನು ಆಗ ಅವಳ ಒಳ್ಳೆಯ ಗುಣವೆಂದು ಲೆಕ್ಕ ಹಾಕಿದ್ದೆ.

ಕೊನೆಗೆ ಡಾಕ್ಟರೇ ಕಡ್ಡಿ ಮುರಿದಂತೆ ಹೇಳಿದರು: ಗಂಡನ ರಿಪೋರ್ಟು ಇಲ್ಲದೆ ಇನ್ನು ಈ ಮೆಟ್ಟಿಲು ಹತ್ತಬೇಡಿ.

ಮೂರನೆಯ ಚೀಟಿ ಹಿಡಿದು ಎಗ್ಮೋರಿನ ಲ್ಯಾಬಿಗೆ ಹೋದೆ. ಒಂದು ಪುಟ್ಟ ಡಬ್ಬಿ ಕೊಟ್ಟು ಬಾತ್‌ರೂಮು ತೋರಿಸಿದರು. ಗೋಡೆಯ ಮೇಲೆ ಯಾವುದೋ ಪಾತ್ರೆ ಅಂಗಡಿಯ ಕ್ಯಾಲೆಂಡರು, ಅದರಲ್ಲಿ ನಗುತ್ತಿರುವ ಮುರುಗ. ಅವನಿಗೆ ಬೆನ್ನು ಮಾಡಿ ನಿಂತೆ. ಹೊರಗೆ ಬಂದು ಡಬ್ಬಿ ಕೊಟ್ಟಾಗ, ಅಲ್ಲಿದ್ದ ಹೆಣ್ಣುಮಗಳು ಅದನ್ನು ಬೆಳಕಿಗೆ ಹಿಡಿದು, ಕಾದು ಕೂತಿದ್ದವರೆಲ್ಲರಿಗೂ ಕೇಳುವ ಹಾಗೆ, “ಇವ್ಳೋದಾನಾ ಸಾರ್? ಕೀಳೆ ಕೊಟ್ಟಿಡುಚ್ಚಾ?” ಎಂದಳು. ಇಷ್ಟೇನಾ, ಕೆಳಗೆ ಚೆಲ್ಲಿಬಿಟ್ಟಿರಾ ಎಂದು. ಚೆಲ್ಲಿರಲಿಲ್ಲ. ಆದರೂ “ಆಮಾ”, ಹೌದು, ಎಂದುಬಿಟ್ಟೆ. ಆಸ್ಪತ್ರೆಯ ಕಡೆಯವರಿಗೆ ನಾನು ಹೇಳಿದ ಸುಳ್ಳುಗಳಲ್ಲಿ ಅದು ಮೊದಲನೆಯದು.

ಎರಡು ಸಲ ಪರೀಕ್ಷೆಯಾಯಿತು. ಎರಡು ಸಲವೂ ವೀರ್ಯಾಣುಗಳ ಎದುರಿಗೆ ಒಂದು ಸೊನ್ನೆ.

ಆಗ ಗಂಡಸರ ಡಾಕ್ಟರ ಹತ್ತಿರ ಕಳಿಸಿದರು. ವಯಸ್ಸಾದವರು, ಮೇಜಿನ ಮೇಲೆ ಕಾಗದಗಳಿಗಿಂತ ಫಿಲ್ಟರ್ ಕಾಫಿಯ ಲೋಟಗಳೇ ಹೆಚ್ಚು. ಪರದೆಯ ಹಿಂದೆ ಕರೆದುಕೊಂಡು ಹೋಗಿ ಎರಡು ಬೆರಳಿನಲ್ಲಿ ಹುಡುಕಿದರು, ಕತ್ತಲಲ್ಲಿ ಸ್ವಿಚ್ಚು ಹುಡುಕಿದ ಹಾಗೆ. ಎಡಕ್ಕೆ, ಬಲಕ್ಕೆ. ಕೈ ತೊಳೆದು ಬಂದು ಕೂತರು. ಅವರು ಮಾತಾಡಿದ್ದು ತಮಿಳಿನಲ್ಲಿ. ನಾನು ಕೇಳಿಸಿಕೊಂಡದ್ದು ಕನ್ನಡದಲ್ಲಿ. ಮನುಷ್ಯನಿಗೆ ನಾಚಿಕೆಯಾಗುವುದು ತಾಯಿಮಾತಿನಲ್ಲೇ.

“ಮೂಗು ಆಗಾಗ ಕಟ್ಟುತ್ತಾ?” ಎಂದರು.

“ಚಿಕ್ಕಂದಿನಿಂದ ಸಾರ್. ನಮ್ಮನೆಯಲ್ಲಿ ಎಲ್ಲರದೂ ಶೀತದ ಮೈ.”

“ತಂದೆ ತಾಯಿ ಸಂಬಂಧದಲ್ಲೇ ಮದುವೆಯಾದವರಾ?”

“ಹೌದು ಸಾರ್. ಸೋದರಮಾವ, ಅಕ್ಕನ ಮಗಳು.” ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆನೆಂದು ನೆನಪು.

“ಮನೆಯಲ್ಲಿ ಬೇರೆ ಗಂಡಸರು ಯಾರಾದರೂ ಮಕ್ಕಳಿಲ್ಲದವರು?”

“ಯಾರೂ ಇಲ್ಲ ಸಾರ್.”

ನನ್ನ ಮೇಜಿಗೆ ಬಂದ ಸಾವಿರ ಅರ್ಜಿಗಳಲ್ಲಿ ‘ಕುಟುಂಬದ ಇತಿಹಾಸ’ ಎಂಬಲ್ಲಿ ಎಲ್ಲರೂ ಬರೆದ ಅದೇ ಉತ್ತರ. ಪಕ್ಕದಲ್ಲಿ ಕೂತಿದ್ದ ಹೆಂಡತಿ, ಅಲ್ಲಿಯವರೆಗೆ ಒಂದು ಮಾತೂ ಆಡದವಳು, “ಇದ್ರು ಸಾರ್” ಎಂದಳು. “ಇವರ ಚಿಕ್ಕಪ್ಪ. ಮಾವನವರ ತಮ್ಮ. ಎರಡು ಮದುವೆ ಮಾಡ್ಕೊಂಡ್ರೂ ಆಗ್ಲಿಲ್ಲ.”

ಡಾಕ್ಟರು ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ಪರಿಚಯವಿತ್ತು. ಅದು ನಾನು ಇತರರ ಫೈಲುಗಳನ್ನು ನೋಡುತ್ತಿದ್ದ ರೀತಿ.

ಅವರು ಒಂದು ಹಾಳೆಯ ಹಿಂಬದಿಯಲ್ಲಿ ನಮ್ಮ ಮನೆತನದ ಮರ ಬರೆದರು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ಸೋದರಮಾವ, ಅಕ್ಕನ ಮಗಳ ನಡುವೆ, ರಕ್ತಸಂಬಂಧದ ಗುರುತಾಗಿ, ಎರಡು ಗೆರೆ. ಚಿಕ್ಕಪ್ಪನ ಚೌಕವನ್ನೂ ನನ್ನ ಚೌಕವನ್ನೂ ಕಪ್ಪು ಮಾಡಿದರು. ಆಮೇಲೆ ವಿವರಿಸಿದರು.

“ಕೋಯಂಬೇಡು ಮಾರ್ಕೆಟ್ಟು ನೋಡಿದ್ದೀರಲ್ಲ? ಲಾರಿ ತುಂಬ ಮಾಲು ಬಂದು ನಿಂತರೆ ಆಯಿತಾ? ಹೊರುವವರು ಬೇಕು, ಗೇಟು ತೆಗೆಯುವವರು ಬೇಕು. ಮೈಯಲ್ಲೂ ಹಾಗೇ. ಜೀವಕೋಶದ ಗೋಡೆ ದಾಟಿ ಉಪ್ಪಾಗಲಿ ಸಕ್ಕರೆಯಾಗಲಿ ತಾನಾಗಿ ಹೋಗುವುದಿಲ್ಲ. ಆ ಗೋಡೆಯಲ್ಲಿ ಕೆಲವು ಪ್ರೋಟೀನುಗಳಿವೆ, ಅವೇ ಹೊರೆಯಾಳುಗಳು, ಅವೇ ಗೇಟುಗಳು. ವೀರ್ಯಾಣು ಹುಟ್ಟಿ, ಬಲಿತು, ಈಜುವುದನ್ನು ಕಲಿಯುವ ತನಕ ದಾರಿಯುದ್ದಕ್ಕೂ ಇಂಥವರದೇ ಕೆಲಸ. ಒಬ್ಬ ಉಪ್ಪು ದಾಟಿಸುತ್ತಾನೆ, ಒಬ್ಬ ಸತು, ಒಬ್ಬ ಕ್ಷಾರ. ನಿಮ್ಮಲ್ಲಿ ಉಪ್ಪಿನ ಗೇಟು ಸರಿಯಾಗಿ ತಯಾರಾಗಿಲ್ಲ ಎಂದು ಕಾಣುತ್ತದೆ. ಉಪ್ಪು ದಾಟಿದರೆ ಅದರ ಹಿಂದೆ ನೀರು ದಾಟುತ್ತದೆ. ನೀರಿಲ್ಲದಿದ್ದರೆ ಒಳಗಿನದೆಲ್ಲ ಅಂಟಾಗಿ, ವೀರ್ಯಾಣು ಹೊರಗೆ ಬರುವ ಆ ಸಣ್ಣ ನಾಳ ತಾಯಿಯ ಹೊಟ್ಟೆಯಲ್ಲಿರುವಾಗಲೇ ಕಟ್ಟಿಕೊಂಡು ಕರಗಿಹೋಗುತ್ತದೆ. ಮೂಗು ಕಟ್ಟುವುದೂ ಇದರಿಂದಲೇ ಇರಬಹುದು. ನಿಮಗೆ ಆ ನಾಳ ಎರಡೂ ಕಡೆ ಇಲ್ಲ. ಒಳಗೆ ಮಾಲು ತಯಾರಾಗುತ್ತಿದೆ. ಬರುವುದಕ್ಕೆ ರಸ್ತೆಯಿಲ್ಲ.”

“ಯಾರಿಂದ ಬಂತು ಸಾರ್ ಇದು?” ಎಂದೆ. ಸಾವಿನ ಫೈಲಿನಲ್ಲೂ ನಾನು ಮೊದಲು ಕೇಳುವ ಪ್ರಶ್ನೆ, ಹೊಣೆ ಯಾರದು ಎಂಬುದೇ.

“ಅರ್ಧ ತಂದೆ, ಅರ್ಧ ತಾಯಿ. ಒಂದು ಕಡೆಯಿಂದ ಮಾತ್ರ ಬಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮನೆಯೊಳಗೇ ಮದುವೆ ಮಾಡಿಕೊಳ್ಳುತ್ತಾ ಹೋದರೆ ಎರಡೂ ಕಡೆಯಿಂದ ಬರುವ ಸಾಧ್ಯತೆ ಜಾಸ್ತಿ. ನಿಮ್ಮ ಚಿಕ್ಕಪ್ಪನನ್ನು ನಾನು ಪರೀಕ್ಷೆ ಮಾಡಿಲ್ಲ. ಆದರೆ ಇದೇ ಇರಬೇಕು.” ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, “ನಿಮ್ಮ ರಕ್ತವನ್ನೂ ನೋಡೋಣಮ್ಮ. ಸೂಜಿಯಿಂದ ವೀರ್ಯಾಣು ತೆಗೆದು ಪ್ರಯತ್ನ ಮಾಡಬಹುದು. ಅದಕ್ಕೆ ಮೊದಲು ಈ ದೋಷ ನಿಮ್ಮಲ್ಲೂ ಇದೆಯಾ ಅಂತ ಗೊತ್ತಾಗಬೇಕು” ಎಂದರು.

ಇಬ್ಬರ ರಕ್ತವೂ ಬೇರೆ ಊರಿಗೆ ಹೋಗಿ ವರದಿ ಬಂತು. ನನ್ನಲ್ಲಿ ದೋಷವಿತ್ತು, ಎರಡೂ ಕಡೆಯಿಂದ ಬಂದದ್ದು. ಆ ಕಾಲಕ್ಕೆ ನೋಡಲು ಬರುತ್ತಿದ್ದ ದೋಷಗಳಲ್ಲಿ ಒಂದೂ ಅವಳಲ್ಲಿರಲಿಲ್ಲ. ಹೊರಗಿನ ರಕ್ತವಲ್ಲವೇ.

ವರದಿ ಹಿಡಿದು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು: “ರೀ, ನಾನು ನಿಮ್ಮನ್ನ ಏನೂ ಅನ್ನಲ್ಲ. ಒಂದೇ ಕೇಳ್ಕೊಳ್ಳೋದು. ಅತ್ತೆಗೆ ನೀವೇ ಹೇಳಿ. ನಾನು ಹೇಳಿದ್ರೆ, ಗಂಡನ ಮೇಲೆ ತಪ್ಪು ಹಾಕಿದ್ಲು ಅಂತಾರೆ.”

“ಹೇಳ್ತೀನಿ.”

“ಯಾವಾಗ?”

“ಸಮಯ ನೋಡಿ.”

ಸಮಯ ನೋಡಿದೆ. ಎಂಟು ತಿಂಗಳು ನೋಡಿದೆ. ಆಷಾಢದಲ್ಲಿ ಇಂಥ ಮಾತು ಬೇಡವೆನ್ನಿಸಿತು. ಶ್ರಾವಣದಲ್ಲಿ ಹಬ್ಬಗಳು. ಆಮೇಲೆ ಅಮ್ಮನ ರಕ್ತದೊತ್ತಡ ಏರಿತು, ಅದು ಇಳಿಯುವಷ್ಟರಲ್ಲಿ ದೀಪಾವಳಿ ಬಂತು. ಪಂಚಾಂಗದಲ್ಲಿ ಮದುವೆಗೆ, ಗೃಹಪ್ರವೇಶಕ್ಕೆ, ಬಾವಿ ತೋಡುವುದಕ್ಕೆ ಮುಹೂರ್ತಗಳಿವೆ. ಮಗ ತನ್ನ ತಪ್ಪನ್ನು ತಾಯಿಗೆ ಹೇಳುವುದಕ್ಕೆ ಒಂದನ್ನೂ ಹಾಕಿಲ್ಲ. ಆ ಎಂಟು ತಿಂಗಳೂ ನಾನು ದಿನಾ ಕಚೇರಿಗೆ ಹೋಗಿ ‘ಗೊತ್ತಿದ್ದೂ ಮರೆಮಾಚಲಾಗಿದೆ’ ಎಂದು ಬರೆಸುತ್ತಿದ್ದೆ. ಒಂದು ಸಲವೂ ತಡವರಿಸಲಿಲ್ಲ. ಅದನ್ನೂ ಇಲ್ಲಿ ಬರೆದಿಡಬೇಕು.

ಆಮೇಲೆ ನಂಟರೊಬ್ಬರ ಮನೆಯ ಸೀಮಂತ ಬಂತು. ಬಸುರಿ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಬಳೆ ತೊಡಿಸಬೇಕು. ನನ್ನ ಹೆಂಡತಿ ಹಿಂದಿನ ದಿನವೇ ಅಂಗಡಿಗೆ ಹೋಗಿ ಹಸಿರು ಬಳೆ ಆರಿಸಿ ತಂದಿದ್ದಳು. ಸಾಲಿನಲ್ಲಿ ನಿಂತು, ಅವಳ ಸರದಿ ಬಂದು, ಅವಳು ಇನ್ನೇನು ಬಗ್ಗಬೇಕು. ಅಮ್ಮ ಹಿಂದಿನಿಂದ ಬಂದು ಅವಳ ಕೈಯಿಂದ ಬಳೆ ತೆಗೆದುಕೊಂಡಳು.

“ಕೊಡಮ್ಮ, ಬೇರೆಯೋರ ಕೈಲಿ ಹಾಕಿಸ್ತೀನಿ. ನೀನು ಹೋಗಿ ಎಲೆ ಹಾಕೋ ಕಡೆ ನೋಡು ಪೋ.”

ಸಣ್ಣ ದನಿಯಲ್ಲೇ ಹೇಳಿದ್ದು, ಸಿಟ್ಟಿನಿಂದಲ್ಲ. ಅದೇ ಕೆಟ್ಟದ್ದು, ಕಲೆಯಿದ್ದ ಸೀರೆಯನ್ನು, ಕಲೆ ಯಾರಿಗೂ ಕಾಣದಂತೆ ಒಳಗೆ ಮಡಿಸಿಡುವ ಹಾಗೆ ಮಾಡಿದಳು. ಹೆಂಡತಿ ಎಲೆ ಹಾಕುವ ಕಡೆ ಹೋದಳು. ಹೋಗುವಾಗ ನನ್ನನ್ನು ನೋಡಿದಳು. ನಾನು ಪಾಯಸದ ಲೋಟ ಹಿಡಿದು ನಿಂತಿದ್ದೆ.

ಆ ಸಂಜೆ ಮನೆಯಲ್ಲಿ ಹೇಳಿಯೇಬಿಡುವುದೆಂದು ನಿಶ್ಚಯಿಸಿದೆ. ಅಮ್ಮ ಉಯ್ಯಾಲೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಹೆಂಡತಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು, ನಡುವೆ ಬಾಗಿಲಿಲ್ಲ.

“ಅಮ್ಮಾ, ಇವತ್ತು ನೀನು ಹಾಗೆ ಮಾಡ್ಬಾರ್ದಿತ್ತು.”

“ನಾನೇನ್ಡಾ ಮಾಡ್ದೆ? ಊರೋರ ಬಾಯಿಗೆ ಸಿಗೋದು ಬೇಡ ಅಂತ ಕಾಪಾಡ್ದೆ.”

“ಡಾಕ್ಟ್ರು ನನ್ನನ್ನೂ ಪರೀಕ್ಷೆ ಮಾಡಿದ್ರು.”

ಅಡಕತ್ತರಿ ನಿಂತಿತು. “ನಿನ್ನನ್ನಾ? ನಿನ್ನನ್ಯಾಕೆ?”

ಆ ‘ಯಾಕೆ’ಯಲ್ಲಿದ್ದ ಗಾಬರಿಯನ್ನು ಕಂಡು ನನ್ನ ನಾಲಿಗೆ ಹೊರಳಿತು. “ಇಬ್ಬರಲ್ಲೂ ಸ್ವಲ್ಪ ಸ್ವಲ್ಪ ತೊಂದ್ರೆ ಇದೆಯಂತೆ. ಅರ್ಧ ನಂದು, ಅರ್ಧ ಅವಳದು.”

ಅಮ್ಮ ನಿಟ್ಟುಸಿರು ಬಿಟ್ಟಳು. “ನಂಗೊತ್ತಿತ್ತು, ಅವಳಲ್ಲಿ ಏನೋ ಇದೆ ಅಂತ.” ನನ್ನ ಅರ್ಧ ಅವಳಿಗೆ ಕೇಳಿಸಲೇ ಇಲ್ಲ. ಅಡಕತ್ತರಿ ಮತ್ತೆ ಶುರುವಾಯಿತು.

ಅಡುಗೆಮನೆಗೆ ಹೋಗದೆ ವಿಧಿಯಿರಲಿಲ್ಲ. ನೀರು ಕುಡಿಯುವ ನೆಪ ಮಾಡಿದೆ. ಹೆಂಡತಿ ತಲೆಯೆತ್ತಲಿಲ್ಲ. ಸೊಪ್ಪಿನ ದಂಟು ಮುರಿಯುತ್ತಲೇ, ಏನೋ ಸಾಮಾನು ಎಲ್ಲಿಟ್ಟಿದ್ದೀರಿ ಎಂದು ಕೇಳುವ ದನಿಯಲ್ಲಿ ಕೇಳಿದಳು:

“ನಂದು ಯಾವ ಅರ್ಧ, ರೀ?”

ನಾನು ಎರಡು ಲೋಟ ನೀರು ಕುಡಿದೆ.

“ಅಲ್ಲ, ಯಾರಾದ್ರೂ ಕೇಳಿದ್ರೆ ಹೇಳ್ಬೇಕಲ್ಲ, ತಿಳ್ಕೊಂಡಿರೋಣ ಅಂತ.”

ಆಮೇಲೆ ನಾಲ್ಕು ದಿನ ಅವಳು ನನ್ನೊಡನೆ ಎಂದಿನಂತೆಯೇ ಇದ್ದಳು. ಡಬ್ಬಿಗೆ ಮೊಸರನ್ನ ಕಟ್ಟಿದಳು, ಕರ್ಚೀಫು ಕೊಟ್ಟಳು. ಶನಿವಾರ ಬೆಳಗ್ಗೆ, “ಚಿಕ್ಕಮ್ಮನ ಹತ್ರ ಸೀರೆ ಕೊಟ್ಟಿದೀನಿ, ಫಾಲ್ಸ್‌ಗೆ. ಇಸ್ಕೊಂಡು ಬನ್ನಿ” ಎಂದಳು.

ಚಿಕ್ಕಮ್ಮನೆಂದರೆ ಚಿಕ್ಕಪ್ಪನ ಮೊದಲ ಹೆಂಡತಿ. ನಾನು ಎರಡನೆಯ ಕ್ಲಾಸಿನಲ್ಲಿದ್ದಾಗ, ಆರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಒಂದು ಟ್ರಂಕಿನ ಜೊತೆ ಅವಳನ್ನು ತವರಿಗೆ ಕಳಿಸಿದರು. ಒಳಗೆ ಹೆಣ್ಣು ಸಿಗದೆ ತಂದ ಅವಳೂ ಹೊರಗಿನವಳೇ. ಚಿಕ್ಕಪ್ಪ ಇನ್ನೊಂದು ಮದುವೆಯಾಗಿ, ಅಲ್ಲೂ ಮಕ್ಕಳಾಗದೆ, ಎಂದೋ ತೀರಿಕೊಂಡರು. ಇವಳು ತವರಿನಲ್ಲೂ ನಿಲ್ಲದೆ, ಪುರಸೈವಾಕ್ಕಂನಲ್ಲೇ ಜವಳಿ ಅಂಗಡಿಗಳ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು, ಅಂಗಡಿಯವರು ಕಳಿಸುವ ಸೀರೆಗಳಿಗೆ ಫಾಲ್ಸ್ ಹೊಲಿದು ಬದುಕುತ್ತಿದ್ದಳು. ನಮ್ಮ ಮನೆಯಲ್ಲಿ ಅವಳ ಮಾತೆತ್ತುವಂತಿರಲಿಲ್ಲ. ನನ್ನ ಹೆಂಡತಿ ಅಮ್ಮನಿಗೆ ತಿಳಿಯದಂತೆ ವರ್ಷಗಳಿಂದ ಅಲ್ಲಿಗೆ ಹೋಗಿಬರುತ್ತಿದ್ದಳು. ನಾನು ಹತ್ತು ನಿಮಿಷದ ದಾರಿಯಲ್ಲಿದ್ದವನು, ಒಂದು ಸಲವೂ ಹೋಗಿರಲಿಲ್ಲ.

ಕೋಣೆಯ ತುಂಬ ಬೇರೆಯವರ ಸೀರೆಗಳು. ಅವುಗಳ ನಡುವೆ ಚಿಕ್ಕಮ್ಮ, ಕನ್ನಡಕ ಮೂಗಿನ ತುದಿಗೆ.

“ಯಾರು? ಓ, ನೀನಾ. ದೊಡ್ಡೋನಾಗಿದೀಯ. ನಿನ್ನ ಹೆಂಡ್ತಿ ಬರ್ಲಿಲ್ವಾ?”

“ನನ್ನನ್ನ ಕಳಿಸಿದ್ಲು.”

“ಕೂತ್ಕೋ. ಆ ರೇಷ್ಮೆ ಮೇಲಲ್ಲ, ಈ ಕಡೆ.”

ಕೂತೆ. ಸೂಜಿ ಹೋಗಿ ಬರುವುದನ್ನು ನೋಡುತ್ತ, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಗೇಟು, ಉಪ್ಪು, ನಾಳ, ಚಿಕ್ಕಪ್ಪನ ಕಪ್ಪು ಚೌಕ. ತೊಂದರೆ ನಿಮ್ಮದಾಗಿರಲಿಲ್ಲ ಚಿಕ್ಕಮ್ಮ, ನಮ್ಮದು, ಎಂದೆ. ಮೂವತ್ತು ವರ್ಷದ ಹಿಂದಿನ ತಿರಸ್ಕಾರದ ಕಾಗದವೊಂದನ್ನು ರದ್ದು ಮಾಡುತ್ತಿರುವ ಅಧಿಕಾರಿಯ ಗಾಂಭೀರ್ಯ ನನ್ನ ದನಿಯಲ್ಲಿತ್ತೆಂದು ಕಾಣುತ್ತದೆ.

ಅವಳು ಹಲ್ಲಿನಿಂದ ದಾರ ಕತ್ತರಿಸಿದಳು.

“ಇದನ್ನ ಹೇಳೋಕೆ ಬಂದ್ಯಾ? ನಂಗೊತ್ತಿತ್ತಲ್ಲೋ. ಎರಡನೇವ್ಳಿಗೂ ಆಗ್ಲಿಲ್ಲವಲ್ಲ, ಆವತ್ತೇ ಗೊತ್ತಾಯ್ತು. ನಿಮ್ಮ ಮನೆಯೋರಿಗೆಲ್ಲ ಗೊತ್ತಾಗಿರ್ಬೇಕು. ನಿನಗೆ ಮಾತ್ರ ಡಾಕ್ಟ್ರು ಬೇಕಾದ್ರು.” ಸೀರೆಯನ್ನು ಮಡಿಸಿ ಪೇಪರಿನಲ್ಲಿ ಸುತ್ತಿದಳು. “ಅವರಿಗೂ ಯಾವಾಗ್ಲೂ ಮೂಗು ಕಟ್ಟಿರೋದು. ರಾತ್ರಿಯೆಲ್ಲ ಕೊಳವೆ ಊದಿದ ಹಾಗೆ. ಅದಕ್ಕೂ ನನ್ನ ಕೈ ಅಡುಗೇನೇ ಕಾರಣ ಅಂದಿದ್ರು.”

ನಾನು ಪೊಟ್ಟಣಕ್ಕೆ ಕೈ ಚಾಚಿದೆ.

“ಗೊತ್ತಿರೋರಿಗೆ ಬಂದು ಹೇಳಿದ್ರೆ ಏನೋ ಬಂತು? ಅದು ಸುಲಭ. ಇಗೋ ಸೀರೆ. ಮನೆಗೆ ಹೋಗು.”

ಮನೆಗೆ ಹೋದೆ. ದಾರಿ ಹತ್ತು ನಿಮಿಷದ್ದೇ, ಅವತ್ತೂ ಹತ್ತೇ ನಿಮಿಷ ಹಿಡಿಯಿತು. ಎಲ್ಲೂ ಕಾಫಿ ಕುಡಿಯಲು ನಿಲ್ಲಲಿಲ್ಲ. ನನ್ನ ಬಗ್ಗೆ ಹೇಳಿಕೊಳ್ಳಬಹುದಾದದ್ದು ಅಷ್ಟೇ.

ಸೀರೆಯ ಪೊಟ್ಟಣವನ್ನು ಉಯ್ಯಾಲೆಯ ಮೇಲಿಟ್ಟು, ಹೆಂಡತಿಯನ್ನು ಹೊರಗೆ ಕರೆದು, ಅವಳ ಎದುರಿಗೇ ಹೇಳಿದೆ. “ಅಮ್ಮಾ, ಅವತ್ತು ನಾನು ಹೇಳಿದ್ದು ಸುಳ್ಳು. ಇವಳಲ್ಲಿ ಏನೂ ಇಲ್ಲ. ಪೂರ್ತಿ ನಂದೇ.” ಆಮೇಲೆ ಡಾಕ್ಟರು ಮರ ಬರೆದ ಹಾಳೆ ತೆಗೆದು ಚೌಕಗಳನ್ನೂ ಸೊನ್ನೆಗಳನ್ನೂ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ತನ್ನ ಸೊನ್ನೆಯ ಮೇಲೆ ಬೆರಳಿಟ್ಟಳು.

“ಹಾಗಾದ್ರೆ ನನ್ನಿಂದ್ಲಾ ಬಂದದ್ದು?”

“ಅಪ್ಪನಿಂದ ಅರ್ಧ, ನಿನ್ನಿಂದ ಅರ್ಧ. ಯಾರೂ ಬೇಕಂತ ಕೊಟ್ಟದ್ದಲ್ಲಮ್ಮ.”

ಅರ್ಧರ್ಧ ಎಂಬ ಮಾತು ಈ ಸಲ ನಿಜವಾಗಿತ್ತು. ನನಗೆ ಅದನ್ನು ಉಚ್ಚರಿಸಲು ಮಾತ್ರ ನಾಚಿಕೆಯಾಯಿತು.

ಅಮ್ಮ ಸೊಸೆಯ ಕಡೆ ತಿರುಗಿದಳು. “ನಿನಗೆ ಯಾವಾಗ ಗೊತ್ತಾಯ್ತು?”

“ಎಂಟು ತಿಂಗಳಾಯ್ತು ಅತ್ತೆ.”

“ಬಳೆ ಕಿತ್ಕೊಂಡಾಗ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನಂಬ್ತಿದ್ರಾ?”

ಅಮ್ಮ ಪೇಪರಿನ ಪೊಟ್ಟಣ ಬಿಚ್ಚಿ, ಸೀರೆಯ ಅಂಚನ್ನು ತಿರುವಿ, ಒಳಗಿನ ಹೊಲಿಗೆಯನ್ನು ಬೆರಳಿನಿಂದ ಸವರಿದಳು. ಸಣ್ಣ, ಒಂದೇ ಅಳತೆಯ ಹೊಲಿಗೆ. “ಮದುವೆಯಾಗಿ ಬಂದಾಗ್ಲೂ ಹೀಗೇ ಹೊಲೀತಿದ್ಲು,” ಎಂದಳು. ಯಾರು ಹೊಲಿದದ್ದೆಂದು ನಾವಿಬ್ಬರೂ ಅವಳಿಗೆ ಹೇಳಿರಲಿಲ್ಲ. ಎಷ್ಟು ವರ್ಷದಿಂದ ಅವಳಿಗೆ ಗೊತ್ತಿತ್ತೋ, ಕೇಳುವ ಯೋಗ್ಯತೆ ನನಗಿರಲಿಲ್ಲ.

ಅಮ್ಮ ಚಿಕ್ಕಮ್ಮನ ಕೋಣೆಗೆ ಹೋಗಲಿಲ್ಲ. ಆದರೆ ಆಮೇಲೆ ತನ್ನ ಸೀರೆಗಳನ್ನೂ ಸೊಸೆಯ ಕೈಯಲ್ಲಿ ಕೊಟ್ಟು ಕಳಿಸತೊಡಗಿದಳು. ಅವುಗಳಲ್ಲಿ ಎರಡಕ್ಕೆ ಆಗಲೇ ಫಾಲ್ಸ್ ಇತ್ತು.

ಡಾಕ್ಟರು ಹೇಳಿದ ಸೂಜಿಯ ಪ್ರಯತ್ನವನ್ನು ಎರಡು ಸಾವಿರದ ಇಸವಿ ಕಳೆದ ಮೇಲೆ ಎರಡು ಸಲ ಮಾಡಿದೆವು. ಎರಡೂ ನಿಲ್ಲಲಿಲ್ಲ. ಮಕ್ಕಳಿಲ್ಲದೆಯೇ ಉಳಿದೆವು, ಅದಕ್ಕೆ ಒಗ್ಗಿಕೊಂಡೆವು. ಮೊದಲ ಸಲ ಆಸ್ಪತ್ರೆಯಲ್ಲಿ ಒಂದು ಅರ್ಜಿ ಕೊಟ್ಟರು. ಹೆಸರು, ವಯಸ್ಸು, ಮದುವೆಯಾದ ವರ್ಷ, ಎಲ್ಲವನ್ನೂ ಅವಳೇ ತನ್ನ ಗುಂಡು ಅಕ್ಷರದಲ್ಲಿ ತುಂಬಿದಳು. ‘ಮಕ್ಕಳಾಗದಿರಲು ಕಾರಣ’ ಎಂಬಲ್ಲಿಗೆ ಬಂದಾಗ ನಿಲ್ಲಿಸಿ, ಕಾಗದವನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದಳು.

“ಇದು ನೀವು ಬರೀರಿ. ಅರ್ಜಿ ತುಂಬೋದ್ರಲ್ಲಿ ನೀವು ಪಳಗಿದೋರು.”

ಬರೆದೆ. ಜಾಗ ಸಣ್ಣದಿತ್ತು, ಅಂಚಿನವರೆಗೂ ಹೋಯಿತು. ಅವಳು ಓದಿ ನೋಡಿ, ಕೆಳಗೆ ತನ್ನ ಸಹಿ ಹಾಕಿದಳು.